ರೇನೋ ಮುಚ್ಚಿಟ್ಟ ದೀಪ

ನನ್ನ ಭಾವ ರೇನೋ ಕಾಂಗಸ್ ಬದುಕಿನ ಬಹುಪಾಲನ್ನು ಹಿಮ ತಳ್ಳುವ ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿ ಕಳೆದವನು. ಅಮೆರಿಕದ ಉತ್ತರದಂಚಿನ ನಮ್ಮೂರಿನ ಮೇಲೆ ಸುಪೀರಿಯರ್ ಸರೋವರದ ಗಾಳಿ ನವೆಂಬರಿನಲ್ಲಿ ಹಿಮ ಸುರಿಸಲು ಶುರು ಮಾಡಿತೆಂದರೆ ಏಪ್ರಿಲ್ ತನಕ ನಮಗೆ ಬಿಡುವಿಲ್ಲ. ಆ ಲಾರಿಗಳು ನಿಂತರೆ ಶಾಲೆ ಇಲ್ಲ, ಅಂಗಡಿಗೆ ಹಾಲು ಬರುವುದಿಲ್ಲ, ಹೆರಿಗೆ ನೋವು ಬಂದವಳು ಮನೆಯಲ್ಲೇ ಹೆರಬೇಕು. ರಸ್ತೆ ಇಲಾಖೆಯ ಗ್ಯಾರೇಜಿನಲ್ಲಿ ರೇನೋ ಇದ್ದಷ್ಟು ಕಾಲ ಅವು ನಿಲ್ಲಲಿಲ್ಲ. ಊರು ಹಾಗೆ ಹೇಳುತ್ತಿತ್ತು. ಅವನೂ ಅದನ್ನು ನಂಬಿದ್ದ.

ನಿವೃತ್ತನಾದ ಮೇಲೆ ಮನೆಯ ಹಿಂದಿನ ಶೆಡ್ಡೇ ಅವನ ಗ್ಯಾರೇಜಾಯಿತು. ಯಾರ ಕಾರು ಕೆಮ್ಮಿದರೂ ಅಲ್ಲಿಗೆ ಬರುತ್ತಿತ್ತು. ಅವನು ಬಾನೆಟ್ಟು ಎತ್ತಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳುತ್ತಿದ್ದ. ಕೇಳಿಸಿಕೊಳ್ಳುವಾಗ ಕಾರಿನ ಯಜಮಾನ ಬಾಯಿ ತೆರೆದರೆ ಕೈ ಎತ್ತಿ ಸುಮ್ಮನಿರಿಸುತ್ತಿದ್ದ. ಕಾರು ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು, ಓಡಿಸುವವರ ಮಾತು ಬೇಕಿಲ್ಲ ಎನ್ನುವುದು ಅವನ ಮತ.

ನನ್ನ ಅಕ್ಕ ಲೆಂಪಿ ಅವನ ಹೆಂಡತಿ. ಅವಳದೊಂದು ಹಸಿರು ವ್ಯಾಗನ್ ಕಾರು, ಇಪ್ಪತ್ತು ವರ್ಷ ದಾಟಿದ್ದು. ಕಾರು ಓಡಿಸಲು ಬಾರದ, ಅಥವಾ ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟ ಮುದುಕಿಯರನ್ನೆಲ್ಲ ಅವಳು ಅದರಲ್ಲಿ ಹತ್ತಿಸಿಕೊಂಡು ಚರ್ಚಿಗೆ, ಡಾಕ್ಟರ ಬಳಿಗೆ, ಸಾವಿನ ಮನೆಗೆ ಕರೆದೊಯ್ಯುತ್ತಿದ್ದಳು. ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಶರತ್ಕಾಲ ಎಂಜಿನ್ನಿನ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು.

ರೇನೋಗೆ ಅದು ಒಂದು ಬೆಳಗಿನ ಕೆಲಸವೆನಿಸಿತು. ಸ್ಕ್ಯಾನರ್ ಚುಚ್ಚಿ ನೋಡಿದ. ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಹೋಗುತ್ತಿದೆ, ಪೆಟ್ರೋಲು ಕಡಿಮೆ ಎಂದು ಅದು ಹೇಳಿತು. ಒಂದು ಸೆನ್ಸರ್ ಬದಲಾಯಿಸಿ ದೀಪ ಆರಿಸಿದ. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಸ್ಪಾರ್ಕ್ ಪ್ಲಗ್ಗುಗಳನ್ನು ಹಾಕಿದ. ಹತ್ತಿತು. ಇನ್ನೊಂದು ಸೆನ್ಸರ್, ಪೆಟ್ರೋಲಿನ ಫಿಲ್ಟರ್, ಟ್ಯಾಂಕಿನ ಮುಚ್ಚಳ. ಪ್ರತಿಸಲ ಕೆಲವು ದಿನ ಆರಿರುತ್ತಿತ್ತು, ಆಮೇಲೆ ಹತ್ತಿಕೊಳ್ಳುತ್ತಿತ್ತು. ಶೆಡ್ಡಿನೊಳಗೆ ನಿಲ್ಲಿಸಿ ಎಂಜಿನ್ ಹಚ್ಚಿದರೆ ಗಡಿಯಾರದಂತೆ ಓಡುತ್ತಿತ್ತು. ಗಾಳಿ ಸೋರುತ್ತಿದೆಯೇ ಎಂದು ಪ್ರತಿಯೊಂದು ರಬ್ಬರ್ ಕೊಳವೆಗೂ ಸ್ಪ್ರೇ ಹೊಡೆದು ನೋಡಿದ. ಎಲ್ಲಿಯೂ ಸೋರಿಕೆಯಿಲ್ಲ.

ಲೆಂಪಿ ಒಮ್ಮೆ ಹೇಳಿದಳು, "ಏರು ಹತ್ತೋಕೆ ಶುರು ಮಾಡಿದಾಗ ಹಿಂದಿಂದ ಯಾರೋ ಬಾಲ ಹಿಡಿದು ಎಳೆದ ಹಾಗಾಗತ್ತೆ ರೇನೋ."

"ನೀನು ಒಮ್ಮೆಲೇ ತುಳೀತೀಯ. ನಿನ್ನ ಕಾಲಿಂದ ಆಗೋದು ಅದು," ಎಂದ ಇವನು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಊರು ಚಿಕ್ಕದು. ಅಂಗಡಿಯ ಮೂಲೆಯಲ್ಲಿ ಕಾಫಿಗೆ ಕೂರುವ ಗಂಡಸರಿಗೆಲ್ಲ ಈ ದೀಪದ ಸುದ್ದಿ ತಿಳಿದಿತ್ತು. ಅವರಲ್ಲಿ ಉರ್ಹೋ ನೀಮಿ ಮುಂದಾಳು. ರೇನೋ ಮತ್ತು ಉರ್ಹೋ ಹುಡುಗರಾಗಿದ್ದಾಗಿಂದ ಒಂದೇ ದೋಣಿಯಲ್ಲಿ ಮೀನು ಹಿಡಿದವರು, ಶನಿವಾರ ಸಂಜೆ ನನ್ನ ಸೌನಾದಲ್ಲಿ, ಆ ಬಿಸಿ ಹಬೆಯ ಕೋಣೆಯಲ್ಲಿ, ಒಂದೇ ಹಲಗೆಯ ಮೇಲೆ ಬೆವರಿದವರು. ರೇನೋನನ್ನು ಕೆಣಕುವ ಹಕ್ಕು ಉರ್ಹೋನಿಗೆ ಮಾತ್ರ ಇತ್ತು, ಅದನ್ನು ಅವನು ಬಿಡುತ್ತಲೂ ಇರಲಿಲ್ಲ.

"ಏನಪ್ಪ, ಲೆಂಪಿ ಕಾರಲ್ಲಿ ಈ ಸಲ ಕ್ರಿಸ್‌ಮಸ್ ದೀಪ ಬೇಗ ಹಚ್ಚಿದ್ಯಂತೆ," ಎಂದ ಉರ್ಹೋ.

"ಸೆನ್ಸರ್ ಹೋಗಿತ್ತು. ಹಾಕಿದೀನಿ."

"ಹೋದ ತಿಂಗಳೂ ಸೆನ್ಸರ್ರೇ ಹೋಗಿತ್ತಲ್ಲೋ. ಒಂದು ಕೆಲಸ ಮಾಡು, ಟ್ರಿಸ್ಟಾ ಹತ್ರ ತೋರ್ಸು. ನಾವೇನೂ ನಗಲ್ಲ. ಸ್ವಲ್ಪ ನಗ್ತೀವಿ ಅಷ್ಟೆ."

ಟ್ರಿಸ್ಟಾ ಬೋಷಾಂ ಈಗ ರಸ್ತೆ ಇಲಾಖೆಯ ಗ್ಯಾರೇಜಿನ ಮುಖ್ಯಸ್ಥೆ, ರೇನೋನ ಜಾಗಕ್ಕೆ ಬಂದವಳು. ಅವನ ಕೈಕೆಳಗೇ ಕೆಲಸ ಕಲಿತವಳು.

"ಅವಳಿಗೆ ಪಾನಾ ಹಿಡಿಯೋದು ಹೇಳಿಕೊಟ್ಟಿದ್ದೇ ನಾನು," ಎಂದ ರೇನೋ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಬಾಗಿಲ ಹತ್ತಿರ ಹೋಗಿ ತಿರುಗಿ, "ಇನ್ನು ಆ ದೀಪ ಕಾಣ್ಸಲ್ಲ, ನೋಡ್ತಿರು," ಎಂದ.

ಅದು ಕಾಣಿಸಲೂ ಇಲ್ಲ. ಡಿಸೆಂಬರಿನ ಒಂದು ದಿನ ಲೆಂಪಿ ಅಡುಗೆಮನೆಗೆ ಬಂದು, "ದೀಪ ಹೋಗಿದೆ ರೇನೋ, ಈ ಸಲ ನೀನು ಸರಿ ಮಾಡ್ದೆ," ಎಂದಾಗ ಅವನು ಪೇಪರಿನಿಂದ ಕಣ್ಣೆತ್ತದೆ ಹೂಂಗುಟ್ಟಿದನಂತೆ. ಅವಳು ಅವತ್ತು ಏಲಕ್ಕಿ ಹಾಕಿದ, ನಿಸು ಎನ್ನುವ ಸಿಹಿ ರೊಟ್ಟಿ ಬೇಯಿಸಿ, ಬಿಸಿಯಾಗಿರುವಾಗಲೇ ಮೊದಲ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಅದನ್ನು ತಿನ್ನುವಾಗಲೇ ಮೊದಲು ನಾಚಿಕೆಯಾಗಿದ್ದು ಎಂದು ಅವನು ಬಹಳ ಕಾಲದ ಮೇಲೆ ನನಗೆ ಹೇಳಿದ. ಆಗಲೇ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆಮೇಲೆ ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಅವಳು ಮುದುಕಿಯರನ್ನು ಹತ್ತಿಸಿಕೊಂಡು ಹೊರಟಾಗೆಲ್ಲ ಕಿಟಕಿಯ ಬಳಿ ನಿಂತು, ಕಾರು ತಿರುವು ದಾಟುವ ತನಕ ನೋಡುತ್ತಿದ್ದ.

ಫೆಬ್ರವರಿಯಲ್ಲಿ ಉರ್ಹೋ ಸತ್ತ. ಮಂಜುಗಟ್ಟಿದ ಸರೋವರದ ಮೇಲೆ ಮೀನಿನ ಗಾಳ ಇಳಿಬಿಟ್ಟು ಸ್ಟೂಲಿನ ಮೇಲೆ ಕೂತಿದ್ದವನು ಕೂತಲ್ಲೇ ಹೋಗಿದ್ದ. ಚಳಿಗಾಲದಲ್ಲಿ ನಮ್ಮ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ. ಸತ್ತವರ ಪೆಟ್ಟಿಗೆಗಳನ್ನು ಅಂತ್ಯಕ್ರಿಯೆಯ ಸಂಸ್ಥೆಯವರು ಊರೊಳಗಿನ ಕಲ್ಲಿನ ಕೋಣೆಯಲ್ಲಿಟ್ಟು ಮೇ ತಿಂಗಳಿಗೆ ಕಾಯುತ್ತಾರೆ. ಉರ್ಹೋನ ಹೆಂಡತಿ ಸೈಮಾ ಆ ಮೂರು ತಿಂಗಳು ಬಾಯಿ ಬಿಟ್ಟು ಅತ್ತವಳಲ್ಲ. ಮಣ್ಣಿಗೆ ಹಾಕುವ ದಿನ ಅಳುತ್ತೇನೆ, ಅಲ್ಲಿಯವರೆಗೆ ಅವನು ಪೂರ್ತಿ ಹೋಗಿಲ್ಲ ಎಂದಿದ್ದಳು. ಅವಳಿಗೆ ಎಂಬತ್ತು ದಾಟಿತ್ತು, ಕೈಯಲ್ಲಿ ಕೋಲು. ಆ ದಿನ ಅವಳನ್ನು ಕರೆದೊಯ್ಯುವ ಹೊಣೆಯನ್ನು ಲೆಂಪಿ ತಾನೇ ಕೇಳಿ ಪಡೆದಳು.

ಶವಪೆಟ್ಟಿಗೆ ಹೊರುವ ಆರು ಜನರಲ್ಲಿ ರೇನೋ ಒಬ್ಬ, ನಾನೊಬ್ಬ. ಹೊರುವವರೆಲ್ಲ ನನ್ನ ಪಿಕಪ್ಪಿನಲ್ಲಿ ಬರುವುದೆಂದಾಯಿತು. ಮೇ ತಿಂಗಳ ಆ ದಿನ ಚರ್ಚಿನ ಅಂಗಳದಿಂದ ಹೊರಡುವಾಗ ಮುಂದೆ ಶವದ ವಾಹನ, ಅದರ ಹಿಂದೆ ಲೆಂಪಿಯ ಹಸಿರು ಕಾರು, ಅದರ ಹಿಂದೆ ನಾವು, ನಮ್ಮ ಹಿಂದೆ ಊರಿನ ಕಾರುಗಳು. ರೇನೋ ನನ್ನ ಪಕ್ಕದಲ್ಲಿ ಕರಿ ಸೂಟು ಹಾಕಿ ಕೂತಿದ್ದ. ದಾರಿಯುದ್ದಕ್ಕೂ ಅವನ ಕಣ್ಣು ಮುಂದಿನ ಕಾರಿನ ಹೊಗೆ ಕೊಳವೆಯ ಮೇಲೇ ಇತ್ತು. ಗೆಳೆಯ ಹೋದ ದುಃಖವೆಂದುಕೊಂಡೆ.

ಸ್ಮಶಾನ ಗುಡ್ಡದ ತಲೆಯ ಮೇಲಿದೆ. ಏರುವ ರಸ್ತೆ ಕಿರಿದು, ಎರಡೂ ಕಡೆ ಹಿಮ ಕರಗಿದ ನೀರು ಹರಿಯುವ ಚರಂಡಿ. ಶವದ ವಾಹನ ಆಮೆಯಂತೆ ಏರುತ್ತಿತ್ತು. ಅರ್ಧ ಏರಿದ ಮೇಲೆ ಲೆಂಪಿಯ ಕಾರು ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ಆಮೇಲೆ ಜ್ವರ ಬಂದವನಂತೆ ಇಡೀ ಮೈ ನಡುಗಿ, ಕೊಳೆತ ಮೊಟ್ಟೆಯ ವಾಸನೆ ಬಿಟ್ಟು, ನಿಂತುಹೋಯಿತು. ಶವದ ವಾಹನದವನಿಗೆ ಇದು ಕಾಣಲಿಲ್ಲ. ಅವನು ಉರ್ಹೋನನ್ನು ಹೊತ್ತುಕೊಂಡು ತಿರುವು ದಾಟಿ ಮೇಲೆ ಹೋಗಿಬಿಟ್ಟ.

ನಾನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ರೇನೋ ಕೆಳಗಿಳಿದು ಓಡಿದ್ದ. ಹಿಂದಿನ ಕಾರುಗಳಿಂದ ಜನ ಇಳಿದರು. ಯಾರಿಗೂ ಗಾಬರಿಯಿಲ್ಲ. "ರೇನೋ ಇದ್ದಾನಲ್ಲ, ಎರಡು ನಿಮಿಷದ ಕೆಲಸ," ಎಂದು ಯಾರೋ ಅಂದದ್ದು ನನಗೆ ಕೇಳಿಸಿತು. ಅವನು ಸೂಟಿನ ತೋಳು ಮಡಚಿ ಬಾನೆಟ್ಟು ಎತ್ತಿದ. ಲೆಂಪಿ ಕೀಲಿ ತಿರುಗಿಸಿದರೆ ಎಂಜಿನ್ ಹತ್ತಿಕೊಳ್ಳುತ್ತಿತ್ತು, ಅವನು ಬಾನೆಟ್ಟು ಮುಚ್ಚಿ ದಾರಿ ಬಿಟ್ಟಾಗ ಗೇರಿಗೆ ಹಾಕಿ ತುಳಿದ ತಕ್ಷಣ ಸಾಯುತ್ತಿತ್ತು. ಮತ್ತೆ ಹಾಗೇ. ಮತ್ತೆ ಹಾಗೇ. ಸೈಮಾ ಪಕ್ಕದ ಸೀಟಿನಲ್ಲಿ ಕೋಲು ಹಿಡಿದು ಕೂತು, ಖಾಲಿಯಾದ ರಸ್ತೆಯನ್ನು ನೋಡುತ್ತಿದ್ದಳು.

ಟ್ರಿಸ್ಟಾ ಹಿಂದಿನ ಕಾರಿನಿಂದ ನಡೆದು ಬಂದಳು. ಕರಿ ಲಂಗ ಹಾಕಿದ ಅವಳನ್ನು ನಾನು ನೋಡಿದ್ದು ಅದೇ ಮೊದಲು.

"ಸರ್, ನಾನು ಒಂದ್ಸಲ ಒಳಗಡೆ ನೋಡ್ಲಾ?" ಎಂದು ರೇನೋನನ್ನು ಕೇಳಿದಳು.

"ಬೇಡ. ಆಯ್ತು, ಇನ್ನೇನು ಆಯ್ತು," ಎಂದ ರೇನೋ.

ಆದರೆ ಲೆಂಪಿ ಆಗಲೇ ಇಳಿದು ಜಾಗ ಕೊಟ್ಟಿದ್ದಳು. ಟ್ರಿಸ್ಟಾ ಕೂತು ಕೀಲಿಯನ್ನು ಅರ್ಧ ತಿರುಗಿಸಿದಳು. ಆಗ ಡ್ಯಾಶ್‌ಬೋರ್ಡಿನ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು.

"ಎಂಜಿನ್ ಲೈಟ್ ಬರ್ತಿಲ್ವಲ್ಲ ಇದ್ರಲ್ಲಿ. ಬಲ್ಬ್ ಹೋಗಿದ್ಯಾ?" ಎಂದಳು. ಅವಳು ಮುಂದಕ್ಕೆ ಬಾಗಿ ಉಗುರಿನಿಂದ ಗಾಜನ್ನು ಕೆರೆದಳು. ಒಂದು ಚೂರು ಕರಿ ಟೇಪು ಎದ್ದು ಅವಳ ಬೆರಳ ತುದಿಗೆ ಅಂಟಿಕೊಂಡಿತು. ದೀಪದಷ್ಟೇ ಅಳತೆ, ಮೂಲೆಗಳನ್ನು ದುಂಡಗೆ ಕತ್ತರಿಸಿದ್ದು. ಎಪ್ಪತ್ತು ದಾಟಿದ ಲೆಂಪಿಯ ಕಣ್ಣಿಗೆ ಕರಿ ಡ್ಯಾಶ್‌ಬೋರ್ಡಿನ ಮೇಲೆ ಅದು ಕಾಣುವಂತಿರಲಿಲ್ಲ. ಟ್ರಿಸ್ಟಾ ಇನ್ನೊಮ್ಮೆ ಎಂಜಿನ್ ಹಚ್ಚಿ ಗೇರಿಗೆ ಹಾಕಿದಳು. ಎಂಜಿನ್ ಸಾಯುವ ಮುನ್ನ ಆ ದೀಪ ಮಿಟುಕಿತು. ಸುಮ್ಮನೆ ಉರಿದರೆ ಪುರುಸೊತ್ತಾದಾಗ ನೋಡಿಸು ಎಂದರ್ಥ. ಮಿಟುಕಿದರೆ ಈಗಲೇ ನಿಲ್ಲಿಸು ಎಂದು. ಅದು ಎಷ್ಟು ದಿನದಿಂದ ಮಿಟುಕುತ್ತಿತ್ತೋ.

ಟ್ರಿಸ್ಟಾ ಟೇಪನ್ನು ನೋಡಿದಳು, ರೇನೋನನ್ನು ನೋಡಿದಳು. ಇಷ್ಟು ಅಚ್ಚುಕಟ್ಟಾಗಿ ಕತ್ತರಿಸುವ ಕೈ ಯಾರದೆಂದು ಅವಳಿಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ಅವಳು ಮುಷ್ಟಿ ಮುಚ್ಚಿಕೊಂಡಳು. ಆದರೆ ಲೆಂಪಿ ಬಾಗಿಲಲ್ಲೇ ನಿಂತಿದ್ದಳು.

"ಅದೇನು?" ಎಂದಳು ನನ್ನ ಅಕ್ಕ. "ಏನದು, ಕೊಡಿಲ್ಲಿ." ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. "ರೇನೋ?"

ಅವನು ಬಾನೆಟ್ಟಿನ ಹಿಂದಿನಿಂದ ಈಚೆ ಬರಲಿಲ್ಲ. ನಾನು ಅವನ ಪಕ್ಕದಲ್ಲೇ ಇದ್ದೆ. ಕತ್ತಿನಿಂದ ಕಿವಿಯ ತುದಿಯವರೆಗೆ ಕೆಂಪೇರಿದ್ದ, ಕೈ ಬ್ಯಾಟರಿಯ ಮೇಲೆ ಸುಮ್ಮನೆ ಬಿದ್ದಿತ್ತು. ನಮ್ಮ ಹಿಂದೆ ಊರಿಗೆ ಊರೇ ನಿಂತಿತ್ತು. ಒಬ್ಬರೂ ತಮಾಷೆ ಮಾಡಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಅವನನ್ನು ರೇಗಿಸುತ್ತಿದ್ದವರೇ ಈಗ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಸೈಮಾ ತಾನೇ ಬಾಗಿಲು ತೆರೆದು ಕೆಳಗಿಳಿದಳು. "ಉರ್ಹೋ ಒಬ್ನೇ ಹೋದ," ಎಂದಳು. ಕೋಲೂರಿ ನಡೆಯತೊಡಗಿದಳು. ಕಿರಿದಾದ ಆ ರಸ್ತೆಯಲ್ಲಿ ಬೇರೆ ಕಾರು ಮುಂದೆ ಹೋಗುವಂತಿರಲಿಲ್ಲ. ಲೆಂಪಿ ಓಡಿಹೋಗಿ ಅವಳ ತೋಳು ಹಿಡಿದಳು. ಹಿಂದೆಯೇ ಎಲ್ಲರೂ ನಡೆದರು.

ನಾನು ರೇನೋನ ಕೈ ಹಿಡಿದು ಎಳೆದೆ. "ಬಾ. ಹೊರೋರು ಆರು ಜನ ಬೇಕು."

"ನೀವು ಹೋಗಿ," ಎಂದ.

"ನಿನ್ನ ಗೆಳೆಯ ಕಣೋ ಅವನು."

"ಹೋಗು ಆಲ್ಬಿನ್. ಕಾಲಿಗೆ ಬೀಳ್ತೀನಿ, ಹೋಗು."

ಮೇಲೆ ಹೋದಾಗ ಪಾದ್ರಿ ಗಡಿಯಾರ ನೋಡುತ್ತ ನಿಂತಿದ್ದರು. ಸೈಮಾಳಿಗೆ ಉಸಿರು ಕಟ್ಟಿ ಮುಖ ನೀಲಿಯಾಗಿತ್ತು. ಅವಳನ್ನು ಒಂದು ಗೋರಿಕಲ್ಲಿನ ಮೇಲೆ ಕೂರಿಸಿ ನೀರು ಕುಡಿಸಬೇಕಾಯಿತು. ರೇನೋ ಹಿಡಿಯಬೇಕಿದ್ದ ಶವಪೆಟ್ಟಿಗೆಯ ಹಿಡಿಯನ್ನು ಟ್ರಿಸ್ಟಾ ಹಿಡಿದಳು. ಇಷ್ಟು ದಿನ ಕಾದಿದ್ದ ಅಳು ಸೈಮಾಳಿಗೆ ಬರಲೇ ಇಲ್ಲ. ಏದುಸಿರು ಬಿಡುವುದರಲ್ಲೇ ಪ್ರಾರ್ಥನೆ ಮುಗಿದುಹೋಯಿತು.

ಇಳಿದು ಬಂದಾಗ ಹಸಿರು ಕಾರು ಚರಂಡಿಯ ಅಂಚಿನಲ್ಲಿತ್ತು. ರೇನೋ ಹೇಗೋ ಒಬ್ಬನೇ ಅದನ್ನು ಪಕ್ಕಕ್ಕೆ ಸರಿಸಿ, ಕಾಡಿನ ದಾರಿ ಹಿಡಿದು ಮನೆಗೆ ಹೋಗಿದ್ದ.

ಅವತ್ತು ಮನೆಯಲ್ಲಿ ನಡೆದದ್ದನ್ನು ಅಕ್ಕ ನನಗೆ ಹೇಳಿದ್ದು ಸ್ವಲ್ಪ ಮಾತ್ರ. ಅವಳು ಕೋಟು ಬಿಚ್ಚದೆಯೇ ಕೇಳಿದಳಂತೆ, "ದೀಪ ಹೋಯ್ತು, ಸರಿ ಮಾಡ್ದೆ ಅಂತ ನಾನಂದಾಗ ನೀನು ಹೂಂ ಅಂದೆ."

"ಸರಿ ಮಾಡ್ದೆ ಅಂತ ನಾನು ಹೇಳ್ಲಿಲ್ಲ."

"ಆ ಮಾತು ಒಂದ್ಸಲ ಕನ್ನಡಿ ಮುಂದೆ ನಿಂತ್ಕೊಂಡು ಹೇಳ್ಕೋ ಹೋಗು," ಎಂದಳಂತೆ. ಆಮೇಲೆ ಬೈಯಲೂ ಇಲ್ಲ, ಅಳಲೂ ಇಲ್ಲ. "ನನ್ನನ್ನ ಅದ್ರಲ್ಲಿ ಕೂರ್ಸಿ ಕಳಿಸ್ತಿದ್ದೆ. ದಿನಾ. ಆ ಮುದುಕಿಯರನ್ನೂ," ಎಂದು ಮಾತ್ರ ಅಂದು ಕೋಣೆಗೆ ಹೋದಳು.

ರೇನೋ ಶನಿವಾರದ ಸೌನಾಕ್ಕೆ ಬರುವುದನ್ನು ಬಿಟ್ಟ. ಅಂಗಡಿಯ ಕಡೆ ಸುಳಿಯಲಿಲ್ಲ. ಚರ್ಚಿನಲ್ಲಿ ಎಲ್ಲರೂ ಒಳಹೋದ ಮೇಲೆ ಬಂದು ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುತ್ತಿದ್ದ. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಯಾರೂ ಬೈಯಲಿಲ್ಲ. ಅವನು ಹಾದುಹೋಗುವಾಗ ಮಾತು ನಿಲ್ಲಿಸಿ, ಹವಾಮಾನದ ಸುದ್ದಿ ಎತ್ತುತ್ತಿದ್ದರು.

ಕಾರನ್ನು ನಾನು ಎಳೆದು ತಂದು ಶೆಡ್ಡಿನೆದುರು ಬಿಟ್ಟಿದ್ದೆ. ಜೂನ್ ಬಂದು ಸೊಳ್ಳೆ ಏಳುವ ತನಕ ಅದು ಅಲ್ಲೇ ಇತ್ತು. ಒಂದು ಮಧ್ಯಾಹ್ನ ಮಾಂಸ ತುಂಬಿದ ಪೇಸ್ಟಿ ಕಡುಬುಗಳನ್ನು ಕೊಡಲು ಹೋದಾಗ ಇಬ್ಬರೂ ಅಂಗಳದಲ್ಲಿದ್ದರು.

"ಗುಜರಿಗೆ ಫೋನ್ ಮಾಡಿದೀನಿ," ಎಂದ ರೇನೋ ನನಗೆ. "ಇನ್ನು ನಾನದನ್ನ ಮುಟ್ಟಲ್ಲ."

"ಗುಜರಿಯವನಿಗೆ ಬರಬೇಡ ಅಂತ ನಾನು ಫೋನ್ ಮಾಡಿದೀನಿ," ಎಂದಳು ಲೆಂಪಿ. "ನನಗೆ ಕಾರು ಬೇಕು. ಅದಕ್ಕೇನಾಗಿದೆ ಅಂತ ನೀನೇ ಹುಡುಕು. ನಿನ್ನ ಹೆಸರಿಗೋಸ್ಕರ ಅಲ್ಲ, ಅದು ಹೋಗೋದು ಹೋಯ್ತು. ನಾನು ಡಾಕ್ಟರ ಹತ್ರ ಹೋಗ್ಬೇಕು, ಅದಕ್ಕೆ."

"ನನಗೆ ಗೊತ್ತಾಗ್ತಿಲ್ಲ ಲೆಂಪಿ." ಈ ಮಾತನ್ನು ಅವನ ಬಾಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. "ಎಲ್ಲಾ ನೋಡ್ದೆ. ನಿಂತಿದ್ದಾಗ ಏನೂ ತೋರ್ಸಲ್ಲ ಅದು. ನನಗೆ ಗೊತ್ತಾಗ್ತಿಲ್ಲ."

"ನಿಂತಿದ್ದಾಗ ಏನೂ ಆಗಲ್ಲ ಅಂತ ನಾನು ಹೇಳಿರ್ಲಿಲ್ವಾ? ಏರು ಹತ್ತೋವಾಗ ಎಳೆಯತ್ತೆ. ಇಳಿಯೋವಾಗ ಇಲ್ಲ. ಹಿಂದಕ್ಕೆ ತಗೊಳ್ಳೋವಾಗ್ಲೂ ಇಲ್ಲ. ಎಳೆಯೋಕೆ ಮುಂಚೆ ಬಾನೆಟ್ಟೊಳಗೆ ಧಡ್ ಅಂತ ಒಂದು ಸದ್ದಾಗತ್ತೆ, ಪೆಟ್ಟಿಗೆ ಮಗುಚಿದ ಹಾಗೆ."

ರೇನೋ ಅವಳನ್ನೇ ನೋಡುತ್ತ ನಿಂತ. "ಧಡ್ ಅನ್ನೋದನ್ನ ಹೇಳಿರ್ಲಿಲ್ಲ ನೀನು."

"ಕೇಳಿದ್ಯಾ?"

ಅವನು ಎರಡು ಕಟ್ಟಿಗೆ ತುಂಡುಗಳನ್ನು ತಂದು ಚಕ್ರಗಳಿಗೆ ಅಡ್ಡ ಕೊಟ್ಟ. ಬಾನೆಟ್ಟು ಎತ್ತಿ ಪಕ್ಕಕ್ಕೆ ಸರಿದು ನಿಂತ. "ಕೂತ್ಕೋತೀಯಾ?" ಎಂದು ಹೆಂಡತಿಯನ್ನು ಕೇಳಿದ, ಪರಿಚಯವಿಲ್ಲದವರನ್ನು ಕೇಳುವ ದನಿಯಲ್ಲಿ. "ಬ್ರೇಕ್ ಗಟ್ಟಿಯಾಗಿ ತುಳ್ಕೋ. ಗೇರಿಗೆ ಹಾಕು. ಈಗ ಏರು ಹತ್ತೋ ಹಾಗೆ ತುಳಿ, ನೀನು ಯಾವಾಗ್ಲೂ ತುಳಿಯೋ ಹಾಗೇ."

ಅವಳು ತುಳಿದಳು. ಎಂಜಿನ್ ಒಂದು ಕಡೆಯಿಂದ ಧಡ್ಡನೆ ಮೇಲೆದ್ದಿತು, ಮಲಗಿದ್ದ ಹಸು ಏಳುವಂತೆ. ಎಂಜಿನ್ ಕೂರುವ ರಬ್ಬರು ಒಂದು ಬದಿಯಲ್ಲಿ ಪೂರ್ತಿ ಹರಿದುಹೋಗಿತ್ತು. ಎಂಜಿನ್ ವಾಲಿದಾಗ ಅದಕ್ಕೆ ಗಾಳಿ ಒಯ್ಯುವ ದಪ್ಪ ಕೊಳವೆ ಜಗ್ಗಿತು, ಕೊಳವೆಯ ಅಡಿಯ ಮಡಿಕೆಯಲ್ಲಿದ್ದ ಸೀಳು ಮೀನಿನ ಬಾಯಿಯಂತೆ ತೆರೆದುಕೊಂಡಿತು. ಎಂಜಿನ್ ಬಿಕ್ಕಿ ಸತ್ತಿತು. ಸತ್ತ ಕೂಡಲೇ ಸೀಳು ಮುಚ್ಚಿಕೊಂಡು, ಅಲ್ಲೇನೂ ಇಲ್ಲದಂತಾಯಿತು.

ಒಬ್ಬರು ಒಳಗೆ ಕೂತು ತುಳಿದು, ಇನ್ನೊಬ್ಬರು ಹೊರಗೆ ನಿಂತು ನೋಡಿದ್ದರೆ ಅಕ್ಟೋಬರಿನಲ್ಲೇ ಕಾಣುತ್ತಿತ್ತು. ಆದರೆ ಅದಕ್ಕೆ ಯಾರನ್ನಾದರೂ ಕರೆಯಬೇಕಿತ್ತು, ನನಗೆ ಗೊತ್ತಾಗುತ್ತಿಲ್ಲ, ಸ್ವಲ್ಪ ಬಾ ಎನ್ನಬೇಕಿತ್ತು. ಅಷ್ಟಕ್ಕೆ ನಾಚಿಕೊಂಡು ಅವನು ಆ ಚಳಿಗಾಲವೆಲ್ಲ ಶೆಡ್ಡಿನ ಬಾಗಿಲು ಹಾಕಿಕೊಂಡು ಒಬ್ಬನೇ ಒದ್ದಾಡಿದ್ದ.

"ಸಿಕ್ತಾ?" ಎಂದಳು ಲೆಂಪಿ ಒಳಗಿನಿಂದ.

"ಸಿಕ್ತು."

"ನನ್ನ ಕಾಲಿಂದ ಆಗಿದ್ದಾ?"

ರೇನೋ ಕೊಳವೆಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದ. "ಅಲ್ಲ," ಎಂದ. ಅವನ ಗಲ್ಲದಿಂದ ಹನಿಯೊಂದು ಎಂಜಿನ್ನಿನ ಮೇಲೆ ಬಿತ್ತು. ನಾನು ಪೇಸ್ಟಿಯ ಬುಟ್ಟಿ ಎತ್ತಿಕೊಂಡು ಒಳಗಿಡಲು ಹೋದೆ.

ಕಾರು ರಿಪೇರಿಯಾಯಿತು. ಸುಟ್ಟುಹೋಗಿದ್ದ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಡಬ್ಬಿಯನ್ನೂ ಬದಲಾಯಿಸಬೇಕಾಯಿತು, ಅದನ್ನು ಕೂರಿಸಲು ರೇನೋ ತಾನೇ ಟ್ರಿಸ್ಟಾಳನ್ನು ಕರೆದ. ಅವಳು ಗುಡ್ಡದ ಮಾತೆತ್ತಲಿಲ್ಲ. ಅವನೇ ಎತ್ತಿದ. "ಅವತ್ತು ನೀನು ಮುಷ್ಟಿ ಮುಚ್ಕೊಂಡೆಯಲ್ಲ, ಅದನ್ನ ನೋಡ್ದೆ," ಎಂದ. "ಬೋಲ್ಟ್ ಕೊಡಿ ಸರ್," ಎಂದಳು ಅವಳು. ದೀಪ ಆರಿತು, ಮತ್ತೆ ಹತ್ತಲಿಲ್ಲ. ಅದರಿಂದ ರೇನೋಗೆ ಸಂತೋಷವಾದಂತೆ ನನಗೆ ಕಾಣಲಿಲ್ಲ.

ಜುಲೈಯಲ್ಲಿ ಅವನು ಸೈಮಾಳ ಮನೆಗೆ ಹೋದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದುಕೊಂಡ. ಸೈಮಾ ಕಾಫಿ ಸುರಿದಳು, ಬಿಸ್ಕತ್ತಿನ ಡಬ್ಬಿ ಮುಂದಿಟ್ಟಳು. ಅವನು ಬಟ್ಟಲು ಮುಟ್ಟದೆ ಹೇಳಿದ, "ಟೇಪ್ ಹಾಕಿದ್ದು ನಾನು. ಉರ್ಹೋ ನಗ್ತಾನೆ ಅಂತ ಹಾಕ್ದೆ."

"ಗೊತ್ತು," ಎಂದಳು ಸೈಮಾ. "ಅವನು ಎಲ್ಲರನ್ನೂ ನೋಡಿ ನಗ್ತಿದ್ದ. ನನ್ನನ್ನೂ. ನಾನೇನು ಕಣ್ಣಿಗೆ ಟೇಪ್ ಹಾಕ್ಕೊಂಡ್ನಾ?"

"ಕ್ಷಮಿಸು ಅಂತ ಕೇಳೋಕೆ ಬಂದೆ."

ಅವಳು ಬಟ್ಟಲನ್ನು ಅವನ ಕಡೆ ಸರಿಸಿದಳು. "ಪರವಾಗಿಲ್ಲ ಅಂತ ನನ್ನ ಬಾಯಲ್ಲಿ ಬರ್ತಿಲ್ಲ ರೇನೋ. ಬಂದಾಗ ಹೇಳ್ತೀನಿ. ಕಾಫಿ ಕುಡಿ, ಆರೋಗತ್ತೆ."

ಅವನು ಕುಡಿದ. ಹೊರಡುವಾಗ ಅವಳು ಕೇಳಿದಳು, "ಅವನನ್ನ ಎಲ್ಲಿ ಮಲಗ್ಸಿದಾರೆ ಅಂತ ನೋಡಿದ್ಯಾ?"

ಅವನು ನೋಡಿರಲಿಲ್ಲ. ಅಷ್ಟು ದಿನ ಗುಡ್ಡದ ಕಡೆ ಮುಖ ಹಾಕಿರಲಿಲ್ಲ.

"ಹೋಗಿ ನೋಡು," ಎಂದಳು. "ಬೇಲಿ ಪಕ್ಕ, ಬರ್ಚ್ ಮರದ ಕೆಳಗೆ. ಸೊಳ್ಳೆ ಕಾಟ, ಕೈ ಮುಚ್ಚೋ ಅಂಗಿ ಹಾಕ್ಕೊಂಡು ಹೋಗು."

ಹೊರಗೆ ಬಂದು ನಾನು ಪಿಕಪ್ಪಿನ ಬಾಗಿಲು ತೆರೆದೆ. ರೇನೋ ಹತ್ತಲಿಲ್ಲ. ಅವನ ಎಡ ಮಂಡಿ ಲಾರಿಗಳ ಅಡಿಯಲ್ಲೇ ಕೆಟ್ಟದ್ದು, ಮೆಟ್ಟಿಲು ಹತ್ತುವುದೂ ಕಷ್ಟ. "ನಡ್ಕೊಂಡು ಹೋಗ್ತೀನಿ," ಎಂದ. ಬೇಡವೆಂದರೂ ಕೇಳಲಿಲ್ಲ. ನಾನು ಹಾಲು ತರಲು ಅಂಗಡಿಗೆ ಹೋಗಿ ಗುಡ್ಡದ ದಾರಿಯಲ್ಲೇ ಮರಳುವಾಗ ಅವನು ಏರಿನ ಮಧ್ಯದಲ್ಲಿ, ಅವತ್ತು ಕಾರು ನಿಂತಿದ್ದ ಜಾಗದಲ್ಲಿದ್ದ, ಚರಂಡಿಯ ಅಂಚಿನಲ್ಲಿ, ಮಂಡಿಯ ಮೇಲೆ ಕೈಯೂರಿಕೊಂಡು. ಪಕ್ಕಕ್ಕೆ ಬಂದು ವೇಗ ತಗ್ಗಿಸಿ ಕಿಟಕಿ ಇಳಿಸಿದೆ. ಅವನು ನನ್ನ ಕಡೆ ತಿರುಗದೆ, ಹೋಗು ಎಂದು ಕೈಯಾಡಿಸಿ, ಮುಂದಿನ ಹೆಜ್ಜೆ ಇಟ್ಟ. ನಾನು ಹೋದೆ.